ಮೂರನೆಯ ದಿನದ ಕಡಲು

ಶುಕ್ರವಾರ, ಮೈಸೂರು

ಮೈಸೂರಿನಿಂದ ಕಡಲಿಗೆ ಹೋಗುವ ಹತ್ತಿರದ ದಾರಿಗಳೆಲ್ಲ ಘಾಟಿ ಇಳಿಯುತ್ತವೆ. ಮಂಗಳೂರಿಗಾದರೆ ಮಡಿಕೇರಿ ದಾಟಿ ಸಂಪಾಜೆ, ಕಲ್ಲಿಕೋಟೆಗಾದರೆ ಬಂಡೀಪುರ, ವಯನಾಡು ದಾಟಿ ತಾಮರಶ್ಶೇರಿ. ಬಸ್ಸು ಹತ್ತಿದರೆ ಹೊಟ್ಟೆ ತೊಳಸುವ ನನ್ನಂಥವರಿಗೆ ಕಡಲು ಕಣ್ಣಿಗೆ ಬೀಳುವ ಮೊದಲೇ ಮೈ ಸೋತಿರುತ್ತದೆ. ಆದರೆ ಕಡಲಿನ ಆಸೆ ಮಾತ್ರ ಸೋತಿಲ್ಲ. ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು ನಾನು. ಗೋಡೆಯ ನಕ್ಷೆಯ ಮೇಲೆ ಕೋಲಾಡಿಸಿ ಮಕ್ಕಳಿಗೆ ತೋರಿಸಿದ ಸಾಗರ ಪ್ರವಾಹಗಳನ್ನು, ಅಕ್ಷಾಂಶ ರೇಖೆಗಳನ್ನು ನೀರಿನ ಮೇಲೆಯೇ ದಾಟಬೇಕು, ಅದೂ ಹಡಗಿನಲ್ಲಿ ಎಂಬುದು ಹಳೆಯ ಹಂಬಲ. ಮೊದಲು ಚೆನ್ನೈಯಿಂದ ಅಂಡಮಾನ್. ಆಮೇಲೆ ಹಿಂದೂ ಮಹಾಸಾಗರ, ಗುಡ್ ಹೋಪ್ ಭೂಶಿರ, ಅದರಾಚೆಯ ಅಟ್ಲಾಂಟಿಕ್.

ಇದನ್ನು ಕೇಳಿ ನಗದೆ ಇದ್ದವರು ಮಂಡ್ಯದ ನಮ್ಮ ಅತ್ತಿಗೆ. ಅಣ್ಣನದು ಕಬ್ಬಿನ ಬೇಸಾಯ. ಅತ್ತಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ಈಗ ಬಿಡುವಾಗಿದ್ದಾರೆ. ಕಾಯಿಲೆ ಎಂದ ಕೂಡಲೇ ಅದರ ಲೆಕ್ಕಾಚಾರಕ್ಕೆ ಇಳಿಯುವುದು ಅವರ ಸ್ವಭಾವ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಹೋಗಿದ್ದಾಗ ಅವರು ಹೇಳಿದ ಮಾತು ಈ ಪ್ರವಾಸಕ್ಕೆ ಕಾರಣವಾಯಿತು.

"ದೋಣಿಯಲ್ಲಿ ಅರ್ಧ ಗಂಟೆ ಕೂತು ನೋಡಿ, ನನ್ನ ಕೈಲಾಗುವುದಿಲ್ಲ ಎಂದು ತೀರ್ಮಾನ ಮಾಡಬೇಡಮ್ಮ. ಕಡಲಿಗೆ ಮೈ ಒಗ್ಗುವುದಕ್ಕೆ ಎರಡು ಮೂರು ದಿನ ಬೇಕು. ಅಷ್ಟು ದಿನ ಕೊಡದೆ ವಾಪಸು ಬಂದರೆ ಕಾಯಿಲೆಯ ಪಾಲು ಮಾತ್ರ ನಿನಗೆ ಸಿಗುತ್ತದೆ."

ಹಾಗಾಗಿ ಲಕ್ಷದ್ವೀಪ. ಕೊಚ್ಚಿಯಿಂದ ಹೊರಡುವ ಹಡಗು ರಾತ್ರಿಯೆಲ್ಲ ಸಾಗಿ ಹಗಲು ಒಂದೊಂದು ದ್ವೀಪದ ಬಳಿ ನಿಲ್ಲುತ್ತದೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ನೋಡಿಕೊಂಡು ಬರುವ ಸಮುದ್ರಂ ಎಂಬ ಪ್ರವಾಸವನ್ನು ಅಲ್ಲಿನ ಆಡಳಿತವೇ ನಡೆಸುತ್ತದೆ. ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಆ ಕಾಗದಪತ್ರಗಳನ್ನು ಮೊದಲೇ ಮುಗಿಸಿಕೊಂಡಿದ್ದೆವು. ಕ್ಯಾಬಿನ್ ಕಾಯ್ದಿರಿಸುವಾಗ ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೊಡಿ ಎಂದು ಕೇಳಿದ್ದೆವು. ಹಡಗಿನ ಮೂತಿ ಮತ್ತು ಹಿಂಭಾಗ ಹೆಚ್ಚು ಏರಿಳಿಯುತ್ತವೆ. ಮೇಲಿನ ಅಂತಸ್ತುಗಳು ಹೆಚ್ಚು ಓಲಾಡುತ್ತವೆ. ನಡುವೆ ಕೆಳಗೆ ಇದ್ದವರಿಗೆ ಚಲನೆ ಕಡಿಮೆ.

ಇಂದು ಬೆಳಿಗ್ಗೆ ಅತ್ತಿಗೆ ಮಂಡ್ಯದಿಂದ ರೈಲಿನಲ್ಲಿ ಬಂದವರೇ ನನ್ನನ್ನು ದೇವರಾಜ ಮಾರುಕಟ್ಟೆಗೆ ಕರೆದೊಯ್ದರು. ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಶುಂಠಿ ಅಗೆಯುವ ಕಾಲವಿದು. ಮಣ್ಣು ಹಸಿಯಾಗಿದ್ದ ಶುಂಠಿ ಗುಡ್ಡೆಯಿಂದ ಅವರು ನಾರಿಲ್ಲದ ಬೆರಳುಗಳನ್ನೇ ಮುರಿದು ಮೂಸಿ ಆರಿಸಿದರು. ಜೊತೆಗೆ ಕಡಲೆಪುರಿ, ಹುರಿಗಡಲೆ, ಒಣದ್ರಾಕ್ಷಿ, ನಿಂಬೆಹಣ್ಣು. ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಪೊಟ್ಟಣಗಳು, ವೈದ್ಯರು ಬರೆದುಕೊಟ್ಟಿದ್ದ ಮೆಕ್ಲಿಜಿನ್ ಮಾತ್ರೆ. "ಶುಂಠಿ ಹೊಟ್ಟೆಗೆ ಹಿತ. ಮಾತ್ರೆಯ ಕೆಲಸವನ್ನು ಅದರ ತಲೆಗೆ ಕಟ್ಟಬೇಡ" ಎಂದರು. ಮಾತ್ರೆಯನ್ನು ವಾಕರಿಕೆ ಶುರುವಾದ ಮೇಲೆ ನುಂಗಿ ಹೆಚ್ಚು ಉಪಯೋಗವಿಲ್ಲ, ಹಡಗು ಹತ್ತುವ ಮೊದಲೇ ನುಂಗಿರಬೇಕು, ನಿದ್ದೆ ತರಿಸುತ್ತದೆ, ಕಣ್ಣಿನ ಒತ್ತಡದ ತೊಂದರೆ ಇರುವವರು, ಬೇರೆ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇಷ್ಟನ್ನೂ ಅಂಗಡಿಯ ಮುಂದೆ ನಿಂತೇ ನನ್ನ ಬಾಯಲ್ಲಿ ತಿರುಗಿ ಹೇಳಿಸಿದರು.

ರಾತ್ರಿ ಊಟವಾದ ಮೇಲೆ ಕಾಗದದ ಮೇಲೆ ಕಿವಿಯ ಚಿತ್ರ ಬರೆದರು. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂದು ಅವು ಹೇಳುತ್ತವೆ. ಪಕ್ಕದಲ್ಲೇ ಸುಣ್ಣದ ಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಚೀಲಗಳು. ಮೇಲೇರಿದೆವೋ ಕೆಳಗಿಳಿದೆವೋ ಎಂದು ಹೇಳುವುದು ಅವುಗಳ ಕೆಲಸ. ಕ್ಯಾಬಿನ್ನಿನೊಳಗೆ ಕೂತವರ ಕಣ್ಣು, ಗೋಡೆ ನಿಂತಿದೆ, ಮಂಚ ನಿಂತಿದೆ ಎನ್ನುತ್ತದೆ. ಕಿವಿ, ಇಲ್ಲ, ಏರುತ್ತಿದ್ದೇವೆ ಎನ್ನುತ್ತದೆ. ಮಿದುಳು ಇಬ್ಬರ ಮಾತನ್ನೂ ಹೊಂದಿಸಲಾರದೆ ಹೊಟ್ಟೆಯ ಮೇಲೆ ಹಾಕುತ್ತದೆ. ಸುಮಾರು ಐದು ಸೆಕೆಂಡಿಗೆ ಒಮ್ಮೆ ಬರುವ ನಿಧಾನದ ಏರಿಳಿತ ಎಲ್ಲಕ್ಕಿಂತ ಕೆಟ್ಟದ್ದು. ನಮ್ಮೂರಿನ ಟಾಂಗಾ ಎಷ್ಟು ಕುಲುಕಿದರೂ ಹೊಟ್ಟೆ ತೊಳಸುವುದಿಲ್ಲ, ಅದರ ಕುಲುಕು ಚುರುಕಿನದು. ಕಡಲಿನ ಅಲೆಗೆ ಅವಸರವಿಲ್ಲ.

ಶನಿವಾರ, ಘಾಟಿ

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಹುತೇಕ ವಾಹನಗಳಿಗೆ ಮುಚ್ಚಿರುತ್ತದೆ. ಹಗಲಿನ ಬಸ್ಸೇ ನನಗೂ ಬೇಕಾಗಿತ್ತು. ಕತ್ತಲಲ್ಲಿ ದೂರ ನೋಡುವುದಕ್ಕೆ ಏನೂ ಇರುವುದಿಲ್ಲ. ಚಾಲಕರ ಹಿಂದಿನ ಸೀಟು ಸಿಕ್ಕಿತು. ನಂಜನಗೂಡು, ಗುಂಡ್ಲುಪೇಟೆ, ಕಾಡು, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ. ಅಲ್ಲಿಯವರೆಗೆ ನೆಮ್ಮದಿ.

ಲಕ್ಕಿಡಿಯಿಂದ ಕೆಳಗೆ ಒಂಬತ್ತು ಹಿಮ್ಮುರಿ ತಿರುವುಗಳು. ಬಸ್ಸು ಓಡಿಸುವವರಿಗೆ ಹೊಟ್ಟೆ ತೊಳಸಿದ್ದನ್ನು ಯಾರೂ ಕಂಡಿಲ್ಲ. ತಿರುವು ಬರುವ ಮೊದಲೇ ಅವರ ಮೈಗೆ ತಿರುವು ಗೊತ್ತಿರುತ್ತದೆ. ಅತ್ತಿಗೆ ನನಗೆ ಹೇಳಿಕೊಟ್ಟಿದ್ದೂ ಅದೇ: ರಸ್ತೆಯನ್ನು ನೋಡು, ತಿರುವು ಯಾವ ಕಡೆ ಎಂದು ಮೊದಲೇ ತಿಳಿದುಕೋ, ಚಕ್ರ ನಿನ್ನ ಕೈಯಲ್ಲೇ ಇದೆ ಎಂದುಕೊಂಡು ಆ ಕಡೆಗೆ ಭುಜ ವಾಲಿಸು. ಮೇಲಿನ ತಿರುವುಗಳಲ್ಲಿ ಮಾಡಿದೆ, ನಡೆಯಿತು. ಕೆಳಗಿನ ತಿರುವುಗಳಲ್ಲಿ ಎದುರಿಗೊಂದು ಲಾರಿ ಸಿಕ್ಕಿಕೊಂಡು ಬಸ್ಸು ನಿಂತು, ಹೊರಟು, ಮತ್ತೆ ನಿಂತಾಗ ಬ್ರೇಕಿನ ಸುಟ್ಟ ವಾಸನೆ ಒಳಗೆ ಬಂತು. ವಾಕರಿಕೆ ಬಂತು, ವಾಂತಿ ಆಗಲಿಲ್ಲ. ಘಾಟಿ ಇಳಿದು ಒಂದು ಹೋಟೆಲಿನಲ್ಲಿ ಬಿಸಿ ಗಂಜಿ ಕುಡಿದು, ಕಲ್ಲಿಕೋಟೆಯಿಂದ ಎರ್ನಾಕುಳಂ ರೈಲು ಹಿಡಿದೆವು.

ಭಾನುವಾರ, ಕೊಚ್ಚಿ

ವಿಲ್ಲಿಂಗ್ಡನ್ ದ್ವೀಪದ ಧಕ್ಕೆಯಲ್ಲಿ ಎಂ.ವಿ. ಕವರತ್ತಿ ನಿಂತಿತ್ತು. 700 ಪ್ರಯಾಣಿಕರನ್ನು ಒಯ್ಯುವ, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ಹಡಗು. ನಮ್ಮಂಥ ಪ್ರವಾಸಿಗಳ ಜೊತೆ ಊರಿಗೆ ಮರಳುವ ದ್ವೀಪದವರೂ ಇದ್ದರು. ಅವರ ಪಾಲಿಗೆ ಇದು ನಮ್ಮ ಮೈಸೂರು–ಮಂಡ್ಯ ಬಸ್ಸಿನಷ್ಟು ದಿನನಿತ್ಯದ ವಾಹನ. ಎಳೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ತಾಯಿ ಸರಸರನೆ ಮೆಟ್ಟಿಲೇರಿದಳು. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಬೇನೆ ಬಹುತೇಕ ತಟ್ಟುವುದೇ ಇಲ್ಲವಂತೆ.

ಹಡಗು ಹಿನ್ನೀರಿನಲ್ಲಿ ಮೆಲ್ಲಗೆ ಸಾಗುವಾಗ ಎಡಕ್ಕೆ ಫೋರ್ಟ್ ಕೊಚ್ಚಿ, ಬಲಕ್ಕೆ ವೈಪಿನ್, ದಡದಲ್ಲಿ ಎತ್ತಿ ನಿಲ್ಲಿಸಿದ ಚೀನೀ ಬಲೆಗಳು. ನೀರು ಕದಲದೆ ಇತ್ತು. ಅಳಿವೆ ದಾಟಿದ ಮೇಲೆ ಹಡಗಿನ ಮೂತಿ ಮೊದಲ ಸಲ ಎದ್ದಿತು. ಎದ್ದು, ಒಂದು ಕ್ಷಣ ಅಲ್ಲೇ ನಿಂತು, ಇಳಿಯಿತು. ಆ ನಿಂತ ಕ್ಷಣವೇ ನನ್ನ ಶತ್ರು. ಅರ್ಧ ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯುವಾಗ ನೀರು ಒಂದು ಹೆಜ್ಜೆ ತಡವಾಗಿ ಕುಲುಕುತ್ತದಲ್ಲ, ಹಾಗೆ ಹೊಟ್ಟೆಯೊಳಗಿನದೆಲ್ಲ ನನಗಿಂತ ತುಸು ತಡವಾಗಿ ಏರಿ ಇಳಿಯತೊಡಗಿತು.

ಸೂರ್ಯ ಮುಳುಗುವವರೆಗೆ ಡೆಕ್ಕಿನ ಮೇಲಿದ್ದೆ. ದಿಗಂತವನ್ನೇ ನೋಡುತ್ತಿದ್ದರೆ ತಡೆದುಕೊಳ್ಳಬಹುದು, ಅಲ್ಲಾಡದಿರುವುದು ಅದೊಂದೇ. ಮುಳುಗಿದ ಮೇಲೆ ದಿಗಂತವೂ ಹೋಯಿತು. ಕ್ಯಾಬಿನ್ನಿಗೆ ಇಳಿಯುವ ಮೆಟ್ಟಿಲಿನಲ್ಲಿ ಡೀಸೆಲ್ ವಾಸನೆ, ಅಡುಗೆಮನೆಯ ಎಣ್ಣೆ ಕಾದ ವಾಸನೆ ಒಟ್ಟಿಗೆ ಬಂದವು. ಮಾತ್ರೆ ನುಂಗಿದ್ದರೂ ರಾತ್ರಿ ವಾಂತಿಯಾಯಿತು. ಮೊದಲು ಬೆವರು, ಆಮೇಲೆ ಬಾಯಿ ತುಂಬ ನೀರು, ಕೈಬೆರಳು ತಣ್ಣಗಾಗುವುದು, ನಂತರ ವಾಂತಿ. ಅತ್ತಿಗೆ ಒದ್ದೆ ಬಟ್ಟೆಯನ್ನು ಕತ್ತಿನ ಹಿಂದೆ ಹಾಕಿ, ಅಂಗಾತ ಮಲಗಿಸಿ, ತಲೆಯ ಎರಡೂ ಪಕ್ಕಕ್ಕೆ ದಿಂಬು ಒತ್ತಿದರು. ತಲೆ ಹೊರಳದಿದ್ದರೆ ಕಿವಿಗೆ ಕೆಲಸ ಕಡಿಮೆ. ಕಣ್ಣು ಮುಚ್ಚಿದರೆ ಕಣ್ಣು ಕಿವಿಯ ಜಗಳವೂ ಕಡಿಮೆ. ಗುಟುಕು ಗುಟುಕಾಗಿ ಓಆರ್‌ಎಸ್ ನೀರು ಕುಡಿಸಿದರು. ಒಮ್ಮೆಲೇ ಕುಡಿದರೆ ಅದೂ ಹೊರಗೆ ಬರುತ್ತದೆ.

ನನಗೆ ಅಳು ಬಂತು. ಸುಸ್ತಿಗೆ ಅಲ್ಲ, ಇಷ್ಟು ವರ್ಷದ ಆಸೆಯನ್ನು ಈ ದೇಹ ಒಂದೇ ರಾತ್ರಿಯಲ್ಲಿ ನಿರಾಕರಿಸಿಬಿಡುತ್ತದೆಯೇನೋ ಎಂದು. "ಇದು ನಿನ್ನ ದೇಹ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತು" ಎಂದರು ಅತ್ತಿಗೆ. ಸಮಾಧಾನಕ್ಕೆ ಹೇಳಿದ ಮಾತಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾದವರು ಗ್ಯಾಲೊಡೆಟ್ ಕಾಲೇಜಿನ 11 ಮಂದಿ ಕಿವುಡರನ್ನು ಆರಿಸಿಕೊಂಡು ಚಲನೆಯ ಬೇನೆಯ ಬಗ್ಗೆ ಪ್ರಯೋಗಗಳನ್ನು ನಡೆಸಿದರು. ಅವರಲ್ಲಿ ಬಹುತೇಕರಿಗೆ ಚಿಕ್ಕಂದಿನಲ್ಲಿ ಮಿದುಳುಪೊರೆಯ ಉರಿಯೂತ ಬಂದು ಒಳಕಿವಿಯ ಸಮತೋಲನದ ಅಂಗವೇ ಹಾಳಾಗಿತ್ತು. ಕೆನಡಾದ ನೋವಾ ಸ್ಕೋಷಿಯಾದ ಬಳಿ ಅಬ್ಬರದ ಕಡಲಿನಲ್ಲಿ ಅವರನ್ನು ಹಡಗಿನಲ್ಲಿ ಕರೆದೊಯ್ದಾಗ ಅವರು ನೆಮ್ಮದಿಯಾಗಿ ಇಸ್ಪೀಟು ಆಡುತ್ತಿದ್ದರು. ಜೊತೆಗಿದ್ದ ಸಂಶೋಧಕರಿಗೇ ವಾಂತಿ ಹತ್ತಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಒಳಕಿವಿ ಕೆಲಸ ಮಾಡುವ ಯಾರಿಗೇ ಆದರೂ ಕಡಲು ಸಾಕಷ್ಟು ಕದಡಿದರೆ ಈ ಬೇನೆ ಬರಬಹುದು. ಇದನ್ನು ನಾನು ಪಾಠದ ಟಿಪ್ಪಣಿಯಂತೆ ಮನಸ್ಸಿನಲ್ಲಿ ಓದಿಕೊಳ್ಳುತ್ತಾ ಮಲಗಿದೆ.

ಸೋಮವಾರ, ಕವರತ್ತಿ

ಕೊಚ್ಚಿಯಿಂದ ಸುಮಾರು 400 ಕಿ.ಮೀ. ಬಂದಿದ್ದೆವು. ಹವಳದ ದಂಡೆ ಸುತ್ತುವರಿದ ಲಗೂನಿನ ಒಳಗೆ ನೀರು ಕೆರೆಯ ನೀರಿನಂತೆ ಶಾಂತ. ಕವರತ್ತಿಯ ಮರಳಿನ ಮೇಲೆ ಕೂತು ಮೊದಲು ಮಾಡಿದ ಕೆಲಸ ನೀರು ಕುಡಿದದ್ದು. ಆ ನೀರು ಕಡಲಿನದೇ. ಮೇಲಿನ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಘಟಕವನ್ನು 2005ರಲ್ಲಿ ಇಲ್ಲಿ ಸ್ಥಾಪಿಸಿದರು. ದಿನಕ್ಕೆ ಒಂದು ಲಕ್ಷ ಲೀಟರ್ ಅದರ ಸಾಮರ್ಥ್ಯ. ರಾತ್ರಿಯೆಲ್ಲ ನನ್ನ ಮೈಯ ನೀರನ್ನು ಬಸಿದ ಕಡಲೇ ಬೆಳಿಗ್ಗೆ ಅದನ್ನು ತುಂಬಿಕೊಟ್ಟಿತು. ಮಧ್ಯಾಹ್ನ ಅನ್ನ, ತೆಳ್ಳಗಿನ ಸಾರು ಇಷ್ಟೇ. ಕೆತ್ತನೆಯ ಮರದ ಛಾವಣಿಗೆ ಹೆಸರಾದ ಉಜ್ರಾ ಮಸೀದಿಯನ್ನು ಹೊರಗಿನಿಂದ ನೋಡಿ ಬಂದೆವು.

ಸಂಜೆ ಹಡಗಿಗೆ ಮರಳುವಾಗ ಕಾಲು ಹಿಂದೇಟು ಹಾಕಿತು. ಆ ರಾತ್ರಿಯೂ ವಾಕರಿಕೆ ಇತ್ತು, ಒಮ್ಮೆ ವಾಂತಿಯೂ ಆಯಿತು. ಆದರೆ ಮಧ್ಯರಾತ್ರಿಯ ಮೇಲೆ ನಿದ್ದೆ ಬಂತು. ಹಿಂದಿನ ರಾತ್ರಿ ಬಂದಿರಲಿಲ್ಲ.

ಮಂಗಳವಾರ, ಕಲ್ಪೇನಿ

ಹಡಗು ಹವಳದ ದಂಡೆಯ ಹೊರಗೆ, ತೆರೆದ ಕಡಲಿನಲ್ಲಿ ನಿಂತಿತು. ಹಡಗಿನ ಪಕ್ಕೆಯಲ್ಲಿ ಒಂದು ಬಾಗಿಲು ತೆರೆದರು. ಹೊಸ್ತಿಲಿನಾಚೆ ನೀರು, ನೀರಿನ ಮೇಲೆ ಸಣ್ಣ ದೋಣಿ. ಅಲೆ ಎತ್ತಿದಾಗ ದೋಣಿ ಹೊಸ್ತಿಲಿನ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಆಳುದ್ದ ಕೆಳಗೆ ಹೋಗುತ್ತದೆ. ಬಾಗಿಲಲ್ಲಿ ಇಬ್ಬರು ನಾವಿಕರು, ದೋಣಿಯಲ್ಲಿ ಇಬ್ಬರು. ಹತ್ತುವವರ ಮೊಳಕೈಯ ಮೇಲ್ಭಾಗವನ್ನು ಹಿಡಿಯುತ್ತಾರೆ, ಅಂಗೈಯನ್ನಲ್ಲ. ಅಂಗೈ ಬೆವರಿ ಜಾರುತ್ತದೆ. ನನ್ನ ಸರದಿ ಬಂದಾಗ ಒಬ್ಬ ದೊಡ್ಡ ದನಿಯಲ್ಲಿ "ನಿಲ್ಲು" ಎನ್ನುವಂತೆ ಕೈ ತೋರಿಸಿದ. ದೋಣಿ ಇಳಿಯಿತು. ಏರಿತು. ಅವನು ನನ್ನ ಮುಖ ನೋಡಲಿಲ್ಲ, ದೋಣಿಯ ಅಂಚನ್ನೇ ನೋಡುತ್ತಿದ್ದ. ಮತ್ತೆ ಇಳಿದು ಏರತೊಡಗಿದಾಗ, ಅದು ಇನ್ನೂ ಮೇಲೆ ಬರುವ ಮೊದಲೇ ನನ್ನನ್ನು ಬಿಟ್ಟ. ಕಾಲು ಊರುವ ಹೊತ್ತಿಗೆ ಹಲಗೆ ಸರಿಯಾಗಿ ಕಾಲಡಿಗೆ ಬಂದಿತ್ತು. ಅವನ ಕಣ್ಣು ಅಲೆಗಿಂತ ಮುಂದಿತ್ತು. ತಾಮರಶ್ಶೇರಿಯ ಚಾಲಕರಿಗೆ ಗೊತ್ತಿದ್ದದ್ದು ಈ ಹುಡುಗನಿಗೆ ನೀರಿನ ಮೇಲೆ ಗೊತ್ತು.

ಕಲ್ಪೇನಿಯ ಪೂರ್ವ ದಡದಲ್ಲಿ ಹವಳದ ಕಲ್ಲುಗಳ ರಾಶಿ ಇದೆ. 1847ರ ಚಂಡಮಾರುತ ಕಡಲಿನಿಂದ ಎತ್ತಿ ಎಸೆದದ್ದು. ಒಂದು ಕಲ್ಲನ್ನು ಕೈಗೆತ್ತಿಕೊಂಡೆ. ಬಿಳಿಚಿ ಬೂದಿಬಣ್ಣಕ್ಕೆ ತಿರುಗಿದ, ಸಣ್ಣ ಸಣ್ಣ ತೂತುಗಳ, ನೋಟಕ್ಕಿಂತ ಹಗುರಾದ ಕಲ್ಲು. ತೂತುಗಳೊಳಗೆ ನಕ್ಷತ್ರದ ಗೀರುಗಳಂತೆ ತೆಳು ಗೋಡೆಗಳು. ಒಂದೊಂದು ತೂತೂ ಒಂದು ಜೀವಿಯ ಮನೆಯಾಗಿತ್ತು. ಹವಳದ ಉಂಗುರ ದ್ವೀಪಗಳು ಹೇಗಾಗುತ್ತವೆ ಎಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ: ಜ್ವಾಲಾಮುಖಿ ಬೆಟ್ಟ ಮೆಲ್ಲಗೆ ಕುಸಿಯುತ್ತದೆ, ಅದರ ಸುತ್ತ ಬೆಳೆದ ಹವಳ ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಬೆಟ್ಟ ಮುಳುಗಿ ಉಂಗುರ ಉಳಿಯುತ್ತದೆ.

ಆ ವಿವರಣೆ ಚಾರ್ಲ್ಸ್ ಡಾರ್ವಿನ್ನನದು. ಜೀವವಿಕಾಸದ ಪುಸ್ತಕಕ್ಕಿಂತ ಬಹಳ ಮೊದಲೇ, 1842ರಲ್ಲಿ ಪ್ರಕಟಿಸಿದ್ದು. ಅದರ ಹಿಂದಿನ ಪ್ರಯಾಣವನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗು ಇಂಗ್ಲೆಂಡ್ ಬಿಟ್ಟ ಕೂಡಲೇ ಅವನಿಗೆ ವಾಂತಿ ಹತ್ತಿತು. ಬಿಸ್ಕತ್ತು, ಒಣದ್ರಾಕ್ಷಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. 1836ರ ಅಕ್ಟೋಬರಿನಲ್ಲಿ ಮರಳುವವರೆಗೂ ಬೇನೆ ಅವನನ್ನು ಪೂರ್ತಿ ಬಿಡಲಿಲ್ಲ. ಆ ಸುಮಾರು ಐದು ವರ್ಷದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲವನ್ನು ಅವನು ನೆಲದ ಮೇಲೆಯೇ ಕಳೆದ. ಹಡಗು ಎಲ್ಲಿ ನಿಂತರೂ ಇಳಿದು ಬೆಟ್ಟ ಹತ್ತಿದ, ಕಲ್ಲು ಒಡೆದ, ಮೂಳೆ ಅಗೆದ. ಹಿಂದೂ ಮಹಾಸಾಗರದ ಕೀಲಿಂಗ್ ಹವಳ ದ್ವೀಪಗಳಲ್ಲಿ ಅವನು ಇಳಿದದ್ದು 1836ರ ಏಪ್ರಿಲ್‌ನಲ್ಲಿ, ನಾಲ್ಕು ವರ್ಷ ನರಳಿದ ಮೇಲೆ. ಮೈ ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಒಗ್ಗುವುದೇ ಇಲ್ಲ, ಡಾರ್ವಿನ್ ಅಂಥವನು. ಒಗ್ಗದೆಯೂ ಅವನು ಭೂಮಿಯನ್ನು ಸುತ್ತಿದ.

ಮಾರುಕಟ್ಟೆಯಲ್ಲಿ ಒಣದ್ರಾಕ್ಷಿ ಕೊಂಡದ್ದು ಏಕೆಂದು ಅತ್ತಿಗೆಗೆ ಆಗ ಹೇಳಿದೆ. ಅವರೂ ಒಂದು ಹಿಡಿ ತೆಗೆದುಕೊಂಡರು. ಕಲ್ಲನ್ನು ಎತ್ತಿಕೊಂಡ ಜಾಗದಲ್ಲೇ ಇಟ್ಟು ಬಂದೆ; ಹವಳವನ್ನು ದ್ವೀಪದಿಂದ ಒಯ್ಯುವಂತಿಲ್ಲ, ಒಯ್ಯಬಾರದು ಕೂಡ.

ಮಂಗಳವಾರ ರಾತ್ರಿ, ಒಂಬತ್ತು ಡಿಗ್ರಿ ಕಾಲುವೆ

ಕಲ್ಪೇನಿಗೂ ಮಿನಿಕಾಯ್‌ಗೂ ನಡುವಿನ ನೀರು ಉತ್ತರ ಅಕ್ಷಾಂಶ ಒಂಬತ್ತು ಡಿಗ್ರಿಯ ಮೇಲಿದೆ, ಹೆಸರೂ ಅದೇ. ಸುಮಾರು 200 ಕಿ.ಮೀ. ಅಗಲ. ಲಂಕೆಯ ದಕ್ಷಿಣದಿಂದ ಏಡನ್ ಕಡೆಗೆ, ಕೆಂಪು ಸಮುದ್ರದ ಕಡೆಗೆ ಹೋಗುವ ದೊಡ್ಡ ಹಡಗುಗಳ ಹಾದಿ. ನಕ್ಷೆಯಲ್ಲಿ ಇದನ್ನು ಎಷ್ಟು ಸಲ ಬೆರಳಿಟ್ಟು ತೋರಿಸಿದ್ದೇನೋ.

ಊಟಕ್ಕೆ ಕಡಲೆಪುರಿ, ಹುರಿಗಡಲೆ, ಎರಡು ಬಾಳೆಹಣ್ಣು. ಹೊಟ್ಟೆ ಖಾಲಿ ಬಿಟ್ಟರೂ ತೊಳಸುತ್ತದೆ, ತುಂಬಿಸಿದರೂ ತೊಳಸುತ್ತದೆ. ಆಮೇಲೆ ಅತ್ತಿಗೆಯೊಂದಿಗೆ ಡೆಕ್ಕಿನ ಮೇಲೆ ಹೋದೆ. ದ್ವೀಪಗಳ ಆಸರೆ ತಪ್ಪಿದ ಕೂಡಲೇ ಅಲೆ ಉದ್ದವಾಯಿತು. ಬೆಳದಿಂಗಳಿತ್ತು, ಆದ್ದರಿಂದ ನೀರಿನ ಬೆನ್ನು ಕಾಣುತ್ತಿತ್ತು. ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು, ಕಂಬಿಯನ್ನು ಬಿಗಿಹಿಡಿಯದೆ ಬರೀ ಮುಟ್ಟಿಕೊಂಡು ನಿಂತೆ. ಬಲದಿಂದ ಬರುವ ಅಲೆಯನ್ನು ದೂರದಲ್ಲೇ ಗುರುತಿಸಿದೆ. ಹಡಗು ಎಡಕ್ಕೆ ವಾಲುವ ಮೊದಲೇ ಸೊಂಟ ಬಲಕ್ಕೆ ಸರಿಯಬೇಕು. ಅತ್ತಿಗೆ ಪಕ್ಕದಲ್ಲಿ ನಿಂತು "ಬಂತು, ಈಗ" ಎನ್ನುತ್ತಿದ್ದರು. ಮೊದಮೊದಲು ಅವರ ಮಾತಿಗೆ ಮೈ ಓಗೊಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವರು ಹೇಳುವ ಮೊದಲೇ ಸರಿಯತೊಡಗಿತು. ನಾನು ಎಣಿಸುತ್ತಿರಲಿಲ್ಲ, ಯೋಚಿಸುತ್ತಲೂ ಇರಲಿಲ್ಲ. ಅಣ್ಣನ ಕಬ್ಬಿನ ಸುದ್ದಿ ಮಾತಾಡುತ್ತಿದ್ದೆವು. ಮಾತಿನ ನಡುವೆ ಹಡಗು ಎದ್ದಿತು, ಆ ನಿಲ್ಲುವ ಕ್ಷಣ ಬಂತು, ಇಳಿಯಿತು, ಹೊಟ್ಟೆ ನನ್ನ ಜೊತೆಯಲ್ಲೇ ಇಳಿಯಿತು.

ತಡವಾಗುತ್ತಿರಲಿಲ್ಲ. ಅತ್ತಿಗೆಯ ತೋಳು ಹಿಡಿದು ಹೇಳಿದೆ: "ಅತ್ತಿಗೆ, ಈಗ ತಡವಾಗುತ್ತಿಲ್ಲ." ಅವರಿಗೆ ಅರ್ಥವಾಯಿತೋ ಇಲ್ಲವೋ, ನನ್ನ ನಾಡಿ ಹಿಡಿದು ನೋಡಿದರು.

ಬುಧವಾರ, ಮಿನಿಕಾಯ್

ಬೆಳಿಗ್ಗೆ ಹಸಿವಾಗಿತ್ತು. ಹಡಗಿನ ಊಟದ ಕೋಣೆಯಲ್ಲಿ ಕೂತು ಉಪ್ಪಿಟ್ಟು ತಿಂದೆ, ಕಾಫಿ ಕುಡಿದೆ. ಕಡಲಿನ ಮೇಲೆ ನಾನು ತಿಂದ ಮೊದಲ ಪೂರ್ತಿ ತಿಂಡಿ ಅದು.

ಮಿನಿಕಾಯ್ ಬೇರೆಯದೇ ಲೋಕ. ಇಲ್ಲಿ ಮಲಯಾಳ ಅಲ್ಲ, ಮಾಲ್ಡೀವ್ಸ್‌ನವರ ಭಾಷೆಗೆ ಸೇರಿದ ಮಹಲ್ ಮಾತಾಡುತ್ತಾರೆ; ಲಿಪಿ ಬಲದಿಂದ ಎಡಕ್ಕೆ. ಬಲೆ ಬೀಸದೆ, ಗಾಳದ ಕೋಲುಗಳಿಂದ ಒಂದೊಂದೇ ಟ್ಯೂನಾ ಮೀನನ್ನು ಎತ್ತುವ ದೋಣಿಗಳು ದಡದಲ್ಲಿದ್ದವು. ಬ್ರಿಟಿಷರು 1885ರಲ್ಲಿ ಕಟ್ಟಿದ ದೀಪಸ್ತಂಭದ ಸುತ್ತುಮೆಟ್ಟಿಲನ್ನು ಹತ್ತಿದೆ. ಮೇಲಿನಿಂದ ಲಗೂನಿನ ತಿಳಿಹಸಿರು, ಹವಳದ ದಂಡೆಯ ಬಿಳಿ ಗೆರೆ, ಅದರಾಚೆ ನಾವು ರಾತ್ರಿ ದಾಟಿದ ಕಡುನೀಲಿ.

ಈ ದ್ವೀಪದ ಗಂಡಸರು ತಲೆಮಾರುಗಳಿಂದ ಜಗತ್ತಿನ ಸರಕು ಹಡಗುಗಳಲ್ಲಿ ನಾವಿಕರು. ದೀಪಸ್ತಂಭದ ಕೆಳಗಿನ ನೆರಳಿನಲ್ಲಿ ಕೂತಿದ್ದ ಹಿರಿಯರೊಬ್ಬರು ಅಂಥವರೇ. ಆಸ್ಪತ್ರೆಯಲ್ಲಿ ಕೇರಳದ ದಾದಿಯರ ಜೊತೆ ವರ್ಷಗಟ್ಟಲೆ ದುಡಿದ ಅತ್ತಿಗೆಗೆ ಮಲಯಾಳ ಸಲೀಸು, ಹಿರಿಯರಿಗೂ ಬರುತ್ತಿತ್ತು. ನನ್ನ ಕಥೆ ಕೇಳಿ ಅವರು ಅತ್ತಿಗೆಗೆ ಹೇಳಿದ್ದರ ಸಾರ ಇದು: ಪ್ರತಿ ಸಲ ರಜೆ ಮುಗಿಸಿ ಹಡಗು ಹತ್ತಿದಾಗಲೂ ಅವರಿಗೆ ಮೊದಲ ಎರಡು ದಿನ ಊಟ ಸೇರುತ್ತಿರಲಿಲ್ಲ. ಎರಡು ದಿನ ಕೆಲಸದಲ್ಲಿ ಕಳೆಯುತ್ತಿದ್ದರು, ಹಾಸಿಗೆ ಹಿಡಿಯುತ್ತಿರಲಿಲ್ಲ. ಮೂರನೆಯ ದಿನ ಮೈ ಸರಿಹೋಗುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಪೆಸಿಫಿಕ್ ದಾಟಿದರೂ ಏನೂ ಇಲ್ಲ. ಊರಿಗೆ ಬಂದು ಬಹಳ ದಿನ ಉಳಿದರೆ ಮೈ ಮರೆತುಬಿಡುತ್ತಿತ್ತು, ಮತ್ತೆ ಮೊದಲಿನಿಂದ ಶುರು.

ಬ್ರಿಟನ್ನಿನ ದೊಡ್ಡ ನೌಕಾಧಿಪತಿ ನೆಲ್ಸನ್ ಕೂಡ ಗಾಳಿ ಜೋರಾದಾಗಲೆಲ್ಲ ಕಾಯಿಲೆ ಬೀಳುತ್ತಿದ್ದುದನ್ನು ತಾನೇ ಬರೆದುಕೊಂಡಿದ್ದಾನೆ. ಅದು ಓದಿ ತಿಳಿದದ್ದು. ಈ ಹಿರಿಯರ ಮಾತು ಕಣ್ಣಮುಂದಿನದು. ಹೊರಡುವಾಗ ಅವರು ನೇರವಾಗಿ ನನ್ನನ್ನು ನೋಡಿ ಮೂರು ಬೆರಳೆತ್ತಿ ತೋರಿಸಿದರು.

ನನಗೆ ಈಗ ಲೆಕ್ಕ ಬದಲಾಗಿದೆ. ದೂರದ ಕಡಲಯಾನ ನನಗಲ್ಲ, ಆದರೆ ಗಂಟೆ ಎರಡು ಗಂಟೆಯ ದೋಣಿ ಹೇಗೋ ಆದೀತು ಎಂದುಕೊಂಡು ಬಂದವಳು ನಾನು. ನಿಜ ಅದರ ತಿರುಗುಮುರುಗು. ಗಂಟೆಗಳ ಯಾನದಲ್ಲಿ ಬೇನೆ ಮಾತ್ರ ಇರುತ್ತದೆ, ಒಗ್ಗುವುದಕ್ಕೆ ಹೊತ್ತೇ ಇರುವುದಿಲ್ಲ. ಚೆನ್ನೈಯಿಂದ ಅಂಡಮಾನಿಗೆ ಹಡಗಿನಲ್ಲಿ ಎರಡು ಮೂರು ದಿನ. ಇಳಿಯುವ ಹೊತ್ತಿಗೆ ನನ್ನ ಮೈ ಸರಿಹೋಗಿರುತ್ತದೆ. ಅಲ್ಲಿಂದ ಮುಂದೆ ಎಷ್ಟು ವಾರಗಳ ಪ್ರಯಾಣವಾದರೂ ಉಳಿದ ದಿನಗಳೆಲ್ಲ ಲಾಭ.

ಗುರುವಾರ, ಮತ್ತೆ ಕೊಚ್ಚಿ

ಹಿಂದಿನ ರಾತ್ರಿ ಪೂರ್ತಿ ನಿದ್ದೆ. ಧಕ್ಕೆಗೆ ಇಳಿದಾಗ ನೆಲ ಅಲುಗಾಡಿತು. ಕಾಂಕ್ರೀಟಿನ ನೆಲ ನಿಧಾನವಾಗಿ ಏರಿ ಇಳಿಯುತ್ತಿತ್ತು. ಹೋಟೆಲಿನ ಸ್ನಾನದ ಕೋಣೆಯಲ್ಲಿ ಕಣ್ಣು ಮುಚ್ಚಿ ಮುಖಕ್ಕೆ ಸೋಪು ಹಚ್ಚುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು. ಮಿದುಳು ಕಡಲನ್ನು ಕಲಿತುಬಿಟ್ಟಿದೆ, ನೆಲದ ಮೇಲೂ ಅಲೆಯನ್ನು ಎದುರು ನೋಡುತ್ತಿದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ವಾರಗಟ್ಟಲೆ ಉಳಿದರೆ ವೈದ್ಯರ ಬಳಿ ಹೋಗಬೇಕು ಎಂದರು ಅತ್ತಿಗೆ. ನನಗೆ ಅದು ತೊಂದರೆ ಎನಿಸಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಗುರುತು ಎನಿಸಿತು.

ರಾತ್ರಿ ರೈಲು. ಬೆಂಗಳೂರನ್ನು ಬಳಸಿಕೊಂಡು ಬರುವ ದಾರಿ.

ಶುಕ್ರವಾರ, ಮಂಡ್ಯ, ಮೈಸೂರು

ಮದ್ದೂರು ದಾಟಿದ ಮೇಲೆ ಕಿಟಕಿಯಾಚೆ ಕಬ್ಬು, ನಾಲೆಯ ನೀರು, ಆಲೆಮನೆಗಳ ಹೊಗೆ. ಮಂಡ್ಯ ನಿಲ್ದಾಣಕ್ಕೆ ಅಣ್ಣ ಬಂದಿದ್ದ. ಅತ್ತಿಗೆ ಇಳಿಯುವ ಮೊದಲು ಉಳಿದ ಮಾತ್ರೆಗಳನ್ನು ಎಣಿಸಿ ನನ್ನ ಚೀಲಕ್ಕೆ ಹಾಕಿದರು, ಉಳಿದ ಶುಂಠಿಯನ್ನು ತಾವು ಇಟ್ಟುಕೊಂಡರು.

ಮೈಸೂರಿನ ಮನೆಯಲ್ಲಿ ಸಂಜೆಯವರೆಗೂ ನೆಲ ತೂಗುತ್ತಿತ್ತು. ಅಕ್ಕಿ ತೊಳೆಯುತ್ತಾ ನಿಂತಾಗ ಕಾಲು ತಾನಾಗಿ ಅಗಲಗೊಂಡಿತ್ತು, ಮಂಡಿ ಸಡಿಲವಾಗಿತ್ತು. ಮೈ ಮರೆಯುವ ಮೊದಲೇ ಹೊರಡಬೇಕು ಎನಿಸಿ ಅತ್ತಿಗೆಗೆ ಫೋನ್ ಮಾಡಿದೆ. ಮಳೆಗಾಲ ಹಿಡಿದರೆ ಬಂಗಾಳ ಕೊಲ್ಲಿ ಕೆಡುತ್ತದೆ, ಅದಕ್ಕೆ ಮೊದಲೇ ಚೆನ್ನೈಯಿಂದ ಹೋಗಬೇಕು, ನಡುಭಾಗದ ಕೆಳ ಅಂತಸ್ತಿನ ಬಂಕ್ ಕೇಳಬೇಕು ಎಂದೆ.

"ಕಬ್ಬಿನ ಕಟಾವು ಮುಗಿಯಲಿ, ನಿಮ್ಮ ಅಣ್ಣನೂ ಬರುತ್ತಾರಂತೆ" ಎಂದರು ಅತ್ತಿಗೆ. "ಅವರಿಗೆ ಬಸ್ಸಿನಲ್ಲಿ ಏನೂ ಆಗುವುದಿಲ್ಲ. ಆದರೂ ಅವರಿಗೂ ಮಾತ್ರೆ ಬರೆಸುತ್ತೇನೆ. ನೀನು ದ್ರಾಕ್ಷಿ ಮಾತ್ರ ಹೆಚ್ಚಾಗಿ ತಂದಿಡು."